ಷರಾ

ಯುದ್ಧಕ್ಕೆ ಹೋಗದ ವಿಮಾನ ಇದು.
ಹುಡುಗರಿಗೆ ಹಾರಲು ಕಲಿಸಿ, ಅವರು ಯುದ್ಧಕ್ಕೆ ಹೋದ ಮೇಲೆ
ಕೋಲಾರದ ಕೆಮ್ಮಣ್ಣಿನ ಮೇಲೆ ನಿಂತು
ಮುಂದಿನ ಹುಡುಗನಿಗೆ ಕಾದದ್ದು.

ಲಾಗ್ ಪುಸ್ತಕ ಸ್ಟೋರ್‌ರೂಮಿನ ಬೀರುವಿನಲ್ಲಿತ್ತು,
ಗೆದ್ದಲು ತಿಂದುಳಿಸಿದ ನಲವತ್ತೊಂದು ಪುಟ.
ನಲವತ್ನಾಲ್ಕರ ಮಾರ್ಚ್: ಇಳಿಯುವಾಗ ಪುಟಿಯಿತು, ಮೂರು ಸಲ.
ಏಪ್ರಿಲ್: ಎಡ ಚಕ್ರ ಮಡಚಿತು. ಹುಡುಗನಿಗೆ ಏನೂ ಆಗಿಲ್ಲ.
ಮೇ: ರೆಕ್ಕೆಯ ತುದಿ ಹುಣಸೆಮರಕ್ಕೆ.
ಬರೆದವನದು ಸಿಟ್ಟಿನ ಕೈ, ನಿಬ್ಬು ಕಾಗದ ಹರಿದಿದೆ.
ಜೂನ್, ಮಳೆ.
ಜುಲೈ ಒಂಬತ್ತು: ಹಿಂಬದಿಯ ಪ್ಲೈವುಡ್ ಒಡೆದಿದೆ.
ಪಕ್ಕದ ಷರಾ ಕಾಲಮ್ಮಿನಲ್ಲಿ ಎರಡೇ ಪದ:
ಸ್ಥಳೀಯವಾಗಿ ರಿಪೇರಿ.

ಯುದ್ಧ ಮುಗಿಯಿತು, ತಕ್ಕಡಿ ಬಂತು.
ಜೊತೆಯ ಹನ್ನೊಂದು ವಿಮಾನ ತೂಕಕ್ಕೆ ಹೋಗಿ ಪಾತ್ರೆಯಾದವು.
ಮುಳಬಾಗಿಲ ಕಡೆ ಯಾರದೋ ಮನೆಯಲ್ಲಿ
ಈಗಲೂ ಅನ್ನ ಬಸಿಯುತ್ತಿರಬಹುದು ಒಂದರ ಬೆನ್ನು.
ಇದನ್ನು ನಮ್ಮ ಐಟಿಐಗೆ ಬಿಟ್ಟರು,
ಬಿಚ್ಚಿ ಜೋಡಿಸಿ ಕಲಿಯಲಿ ಅಂತ.
ಬಿಚ್ಚುವುದನ್ನು ಎಲ್ಲ ಬ್ಯಾಚಿನವರೂ ಕಲಿತರು.
ನಾನೂ ಕಳ್ಳನೇ, ಎಂಬತ್ತೇಳರಲ್ಲಿ:
ಒಂದು ಬೋಲ್ಟು, ಸೈಕಲ್ ಸೀಟಿಗೆ.
ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆ ಸೈಕಲ್ಲೇ ಕಳುವಾಯಿತು.
ವಿಮಾನದ ಒಂದು ಚೂರು ಎಲ್ಲೋ ಇನ್ನೂ ಓಡಾಡುತ್ತಿದೆ.

ಈಗ ಅಲ್ಲಿಯೇ ನಾನು ಫಿಟ್ಟರ್ ಮೇಷ್ಟ್ರು.
ಚಾಂಪಿಯನ್ ರೀಫಿನಿಂದ ಅರುಳ್‌ದಾಸಣ್ಣ ಬಂದರು,
ಗಣಿಯ ಯಂತ್ರಕ್ಕೆ ಮೂವತ್ತು ವರ್ಷ ಕಿವಿಯಿಟ್ಟವರು.
ಒಂಬತ್ತು ಸಿಲಿಂಡರನ್ನೂ ಸ್ಪ್ಯಾನರಿನಿಂದ ಬಡಿದು ಕೇಳಿ,
'ಆರನೆಯದು ಸುಳ್ಳು ಹೇಳ್ತಿದೆ' ಅಂದರು.
ಷಾಮಿಯಾನ ಹೊಲಿಯುವ ಜಬೀನಾ ಬಂದಳು ಚುಕ್ಕಾಣಿಯ ಬಟ್ಟೆಗೆ.
'ಗಾಳಿ ಒಳಗೆ ಬರಬೇಕೋ, ಹೊರಗೇ ಇರಬೇಕೋ,
ಅದನ್ನ ಮೊದಲು ಹೇಳಿ ಸಾರ್.'
ಎರಡೂವರೆ ಇಂಚಿಗೊಂದು ಗಂಟು.
ಮೇಲೆ ಬಳಿದ ದ್ರಾವಣಕ್ಕೆ ಕಳಿತ ಬಾಳೆಹಣ್ಣಿನ ವಾಸನೆ;
ವರ್ಕ್‌ಶಾಪಿನ ಕಿಟಕಿಯಲ್ಲಿ ಅಂತರಗಂಗೆಯ ಕೋತಿಗಳು,
ಎಲ್ಲಿ ಹಣ್ಣು, ಎಲ್ಲಿ ಹಣ್ಣು ಎಂದು ಮೂರು ದಿನ.

ಟಾರ್ಚು ಕಚ್ಚಿಕೊಂಡು ಹೊಟ್ಟೆಯೊಳಗೆ ತೂರಿದ್ದು ನಾನೇ.
ಬಾಲದ ಹತ್ತಿರ, ಪ್ಲೈವುಡ್ಡಿನ ನಡುವೆ, ಅಂಗೈ ಅಗಲದ ತೇಪೆ:
ಹಲಸು.
ರೊಟ್ಟಿಗಿಂತ ತೆಳ್ಳಗೆ ಹೆರೆದ, ಹಳದಿ ಮಾಸದ ಹಲಸು.
ಪೆನ್ಸಿಲ್ಲಿನಲ್ಲಿ ಮೊದಲು ಒಂದು ಶ್ರೀ,
ಅದರ ಕೆಳಗೆ ಅಳತೆ, ೭॥,
ಅದರ ಕೆಳಗೆ ಲೆಕ್ಕ:
ಎರಡು ದಿನ, ಹನ್ನೆರಡಾಣೆ.
ಬಂದದ್ದು ಎಂಟು. ಬಾಕಿ ನಾಲ್ಕು.

ಹೆಸರು ಹುಡುಕಿದೆ. ಇಲ್ಲ.
ಹೆಸರು ಮರೆಯಬಹುದು, ಬಾಕಿ ಮರೆಯಬಾರದು,
ಅಷ್ಟು ಗೊತ್ತಿದ್ದ ಬಡಗಿ.

ಅರುಳ್‌ದಾಸಣ್ಣ ಕೈ ತೂರಿಸಿ ಕೂಡಿಕೆ ತಡವಿದರು,
'ತಲೆಗೂದಲೂ ಹೋಗಲ್ಲ' ಅಂದರು, ಸುಮಾರು ಹೊತ್ತು ಕೈ ತೆಗೆಯಲಿಲ್ಲ.
ನೋಡಲು ಬಂದ ತಜ್ಞರು
ನಕ್ಷೆಯಲ್ಲಿ ಹಲಸಿಲ್ಲ, ಬದಲಾಯಿಸಿ ಎಂದರು.
ಹೂಂ ಅಂದೆವು.
ಅವರ ಕಾರು ಟೊಮೆಟೊ ಲಾರಿಗಳ ಹಿಂದೆ ಮರೆಯಾದ ಮೇಲೆ
ತಗಡು ಮುಚ್ಚಿ ರಿವೆಟ್ ಹೊಡೆದೆವು.

ಹಾರುವುದಿಲ್ಲ ಇದು. ಗೇಟಿನ ಬಳಿ ನಿಲ್ಲುತ್ತದೆ ಅಷ್ಟೇ.
ಜಬೀನಾಳ ಬಿಲ್ಲು ಆಡಿಟ್‌ನಿಂದ ವಾಪಸು ಬಂದಿದೆ:
'ವಿಮಾನಕ್ಕೆ ಹೊಲಿಗೆ' ಎಂದರೇನು, ವಿವರಣೆ ನೀಡುವುದು.
ಲಾಗ್ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಪುಟ ತೆರೆದು
ಇಂದಿನ ತಾರೀಖು ಹಾಕಿ ಬರೆದೆ, ಷರಾ ಕಾಲಮ್ಮಿನಲ್ಲಿ,
ಮೂವರ ಹೆಸರು, ಊರು. ಜಾಗ ಸಾಲದೆ ಅಂಚಿಗೂ ಹೋಯಿತು.
ನಾಲ್ಕನೆಯವನಿಗೆ ಗೆರೆ ಎಳೆದು ಬಿಟ್ಟಿದ್ದೇನೆ.

ಆಷಾಢದ ಗಾಳಿ ಬೆಟ್ಟ ಇಳಿದು ಬರುವ ರಾತ್ರಿ
ರೆಕ್ಕೆ ಒಂದಿಷ್ಟು ಏಳುತ್ತದೆ, ಹಗ್ಗ ಕಿರುಗುಟ್ಟುತ್ತದೆ.
ವಾಚ್‌ಮನ್ ಫೋನು ಮಾಡುತ್ತಾನೆ.
ಲುಂಗಿಯಲ್ಲೇ ಹೋಗಿ
ಇನ್ನೊಂದು ಗಂಟು ಹಾಕಿ ಬರುತ್ತೇನೆ.