ರಿಜಿಸ್ಟರ್

ಚೌಬಾರಾದ ನೆರಳು ಸಂಜಿಮುಂದ ಬಂದು ಬೀಳೋ ಗಲ್ಲಿ,
ಮೂರು ಕಂಪ್ಯೂಟರಿನ ನಮ್ಮ ಅಂಗಡಿ.
ಸೋಮವಾರಕ್ಕೊಮ್ಮೆ ಪೇದೆ ಬರ್ತಾನ.
ಯಾರು ಕೂತಿದ್ರು, ಎಷ್ಟೊತ್ತು, ಏನು ನೋಡಿದ್ರು?
ಚಾ ಕುಡೀತಾ ಪುಟದ ಫೋಟೊ ಹೊಡಕೊಂತಾನ.

ನಿನ್ನಿ ಹುಮನಾಬಾದ್ ಬಸ್ಸಿಳಿದ ಹುಡುಗಿ
ಮೌಸ್ ಮುಟ್ಟದೆ ಕೇಳಿದಳು:
ಇಲ್ಲಿ ಹುಡುಕಿದ್ದು ಮನೀಗಿ ಗೊತ್ತಾಗ್ತದೇನ್ರಿ ಅಕ್ಕಾ?
ಮನೀಗಿ ಇಲ್ಲವ್ವ, ಅಂದೆ.
ಉಳಿದವರ ಮಾತು ಎತ್ತಲಿಲ್ಲ.

ಪರದೆ ನಾನೂ ಕದ್ದು ನೋಡಿದೆ:
ತಪ್ಪಿದ ತಿಂಗಳು, ದೂರದೂರಿನ ದವಾಖಾನಿ.

ನೌಬಾದಿನ ನೆಲದಡಿ ಸುರಂಗದಾಗ
ಹರಿಯೋ ನೀರು ಯಾರ ಕೊಡ ತುಂಬಿತೋ
ಯಾವ ಸುಲ್ತಾನನೂ ಬರೆಸಿಡಲಿಲ್ಲ.

ಅವಳ ಆಧಾರ್ ಕೇಳಲಿಲ್ಲ. ಆ ಸಾಲಿನಾಗ
ನನ್ನ ಹೆಸರೇ ಬರದೆ: ಕಸ್ತೂರಬಾಯಿ, ಐವತ್ತೊಂದು.

ಗಂಡ ಸತ್ತು ಏಳು ವರ್ಷ.
ಸೋಮವಾರ ಪೇದೆ ಏನು ತಿಳಕೊಂತಾನೋ
ತಿಳಕೊಳ್ಳಲಿ.