ಹದಿನೇಳನೆಯದು

ಸಿಂಚುವಿನಲ್ಲಿ ಗಾಳಿಗೆ ರಜೆಯಿಲ್ಲ.
ಗೇಟಿನ ಹೊರಗೆ ಸ್ಕೂಟರುಗಳು ಒಂದರ ಹೆಗಲಿಗೊಂದು ಒರಗಿವೆ;
ಗುಡ್ಡದಾಚೆ ಪರ್ಸಿಮನ್ ಹಣ್ಣು ಒಣಹಾಕಿದವರಿಗಷ್ಟೇ ಅದರಿಂದ ಲಾಭ.
ಮೂರನೇ ಮಹಡಿಯ ಈ ಕೋಣೆಯ ಗಾಳಿ ಮಾತ್ರ ಫ್ಯಾನುಗಳದು,
ನಲವತ್ತು ಡಿಗ್ರಿ, ಗಂಟೆಗೊಮ್ಮೆ ಅಳೆದು ಬರೆದದ್ದು.

ಇಪ್ಪತ್ತನಾಲ್ಕು ಡ್ರೈವುಗಳು, ಇಸ್ಪೀಟೆಲೆಯಷ್ಟಗಲ.
ಬರೆ, ಓದು, ತಾಳೆ ನೋಡು, ಅಳಿಸು.
ಬರೆ.
ಏನನ್ನು ಅಂತ ಕೇಳಬೇಡಿ. ಯಂತ್ರವೇ ದಾಳ ಉರುಳಿಸಿ
ಹೆತ್ತ ಅಂಕಿಗಳು, ತಲೆಬುಡವಿಲ್ಲದವು.
ಅರ್ಥವಿದ್ದರೆ ಡ್ರೈವು ಅದನ್ನು ಮಡಚಿ ಚಿಕ್ಕದು ಮಾಡುತ್ತದೆ,
ಹಳೇ ಗುಮಾಸ್ತನ ಹಾಗೆ "ಮೇಲಿನಂತೆ" ಎಂದು ಗೀಚಿ
ಮೈಗಳ್ಳತನ ಮಾಡುತ್ತದೆ.
ಅರ್ಥವಿಲ್ಲದ್ದನ್ನು ಪೂರ್ತಿ ಬರೆಯದೆ ವಿಧಿಯಿಲ್ಲ.

ಪೆಂಗ್ ಶುಯಿನ್, ಐವತ್ತೊಂದು, ರಾತ್ರಿ ಪಾಳಿ.
ಇಪ್ಪತ್ತೆರಡು ವರ್ಷ ದಾಖಲೆ ಪುಸ್ತಕಕ್ಕೆ ಹಾಕಿದ ಸಹಿ,
ಮೂರಕ್ಷರದ್ದು, ಸವೆದು ಸವೆದು
ಈಗ ಒಂದು ಗೀಟು.

ಈ ಊರಿನ ಯಂತ್ರಗಳ ನೆತ್ತಿಯ ಮೇಲೆಲ್ಲ
ಹಸಿರು ಪೊಟ್ಟಣವೊಂದು ಕೂತಿರುತ್ತದೆ,
ತೆಂಗಿನ ಘಮದ ಜೋಳದ ಕುರುಕಲು.
ಅದರ ಹೆಸರೇ "ಜಾಣಮರಿ, ಹಟ ಮಾಡಬೇಡ" ಎಂಬಂಥದು.
ಹಳದಿ ಪೊಟ್ಟಣ ಆಗದು. ತಾರೀಖು ಮೀರಿದ್ದು ಆಗದು.
ಹಸಿವೆಂದು ಯಾರಾದರೂ ಒಡೆದು ತಿಂದರೋ, ಮುಗಿಯಿತು.
ಈ ಕೋಣೆಗೆ ಮಾತ್ರ ಅದು ನಿಷಿದ್ಧ:
ಕೆಡಲೆಂದೇ ಕೂರಿಸಿದವಕ್ಕೆ
ಕೆಡದಿರಲೆಂದು ಹರಕೆ ಹೊರುವುದುಂಟೆ?

ಮೂರನೆಯದು ಚಳಿಗಾಲಕ್ಕೆ ಮೊದಲೇ ಹೋಯಿತು.
ಎಂಟನೆಯದು ಸುಳ್ಳು ಹೇಳಿತು;
ಇಸಿದುಕೊಂಡದ್ದೊಂದು, ಮರಳಿ ಕೊಟ್ಟದ್ದೊಂದು,
ಮುಖದಲ್ಲಿ ಹಸಿರು ದೀಪ ಹಾಗೇ.
ಹನ್ನೊಂದನೆಯದು ತಾನೇ ಕದ ಹಾಕಿಕೊಂಡಿತು:
ಇನ್ನು ಬರೆಸಿಕೊಳ್ಳಲೊಲ್ಲೆ, ಇರುವುದನ್ನು ಬೇಕಾದರೆ ಓದಿಕೊ.
ಶುಯಿನ್‌ಗೆ ಅದರ ಮೇಲೆ ಏನೋ ಮರ್ಯಾದೆ.

ಹದಿನೇಳನೆಯದರ ಚೀಟಿಯಲ್ಲಿ ಕೊಟ್ಟ ಮಾತು ಮುನ್ನೂರು ಟೆರಾಬೈಟು.
ಒಂಬೈನೂರಾಯಿತು. ಸಾವಿರದಿನ್ನೂರಾಯಿತು.
ಬರೆದಾಗಲೆಲ್ಲ ಎಲೆಕ್ಟ್ರಾನುಗಳು ಒಂದು ತೆಳ್ಳನೆಯ ಗೋಡೆ ಹಾಯುತ್ತವೆ,
ಅಳಿಸಿದಾಗ ಅದೇ ದಾರಿ ಹಿಂದಕ್ಕೆ;
ಒಂದೆರಡು ಗೋಡೆಯೊಳಗೇ ನಿಂತುಬಿಡುತ್ತವೆ.
ನಾವು ಸವೆತ ಅನ್ನುತ್ತೇವೆ.
ಕಳೆದದ್ದೇನೂ ಇಲ್ಲ ಅಲ್ಲಿ,
ಉಳಿದದ್ದೇ ತೊಂದರೆ.

ಮಂಗಳವಾರ ಎಂಜಿನಿಯರ್ ಲ್ಯಾವ್ ಬಂದ, ಕೈಯಲ್ಲಿ ತಣ್ಣನೆಯ ಚಹಾ.
ಈ ಮಾಡೆಲ್ಲು ಮಾಡುವುದನ್ನೇ ನಿಲ್ಲಿಸಿ ಆರು ತಿಂಗಳಾಯಿತು,
ಹೊಸದಕ್ಕೆ ಜಾಗ ಬೇಕು, ಶುಕ್ರವಾರ ಕಿತ್ತುಬಿಡಿ.
"ಸತ್ತಿಲ್ಲವಲ್ಲ?"
"ಮುಗಿಯಿತು ಅಂತ ಬರೆಯಿರಿ."

ಗುರುವಾರ ರಾತ್ರಿ ಹದಿನೇಳರ ಬೆನ್ನಿಗೆ, ಫ್ಯಾನಿನ ಮರೆಯಲ್ಲಿ,
ಹಸಿರು ಪೊಟ್ಟಣ. ತಾರೀಖು ಬರುವ ಮಾರ್ಚಿಯದು.
ಲುಸಾನಿನ ಹುಡುಗಿ ಲಿಗಾಯಾ
ಪಕ್ಕದ ಸಾಲಿನಲ್ಲಿ ತಂತಿಗಳನ್ನು ಎಣಿಸುತ್ತಲೇ ಇದ್ದಳು,
ಎಣಿಸಿದ್ದನ್ನೇ ಎಣಿಸುತ್ತ.
ಶುಯಿನ್ ತೆಗೆಯಲಿಲ್ಲ. ಪುಸ್ತಕದಲ್ಲಿ ನಮೂದಿಸಲೂ ಇಲ್ಲ.

ನಿಯಮವಿರುವುದು ಹೀಗೆ: ಆರಿಸಿ, ಹತ್ತೆಣಿಸಿ,
ಕೊನೆಯ ವರದಿಗೆಂದು ಇನ್ನೊಮ್ಮೆ ಹಚ್ಚಿ.
ನಸುಕಿನ ಐದೂವರೆ. ಆರಿಸಿದಳು.
ಹತ್ತೆಣಿಸಿದಳು. ಹಚ್ಚಿದಳು.
ಇನ್ನೊಂದು ಹತ್ತು.
ತಂತಿ ಬದಲಿಸಿ ಮತ್ತೊಂದು.

ಸಾವಿರದ ನಾನ್ನೂರ ಹನ್ನೆರಡು ಟೆರಾಬೈಟು
ಬರೆಯುತ್ತ ಬರೆಯುತ್ತ ಇದ್ದದ್ದು
ಹತ್ತು ಸೆಕೆಂಡಿನ ಬಿಡುವು ತಾಳಲಿಲ್ಲ.

ಹಾಳೆಯಲ್ಲಿ ಎರಡೇ ಚೌಕ: ಕೆಟ್ಟಿತು, ಮುಗಿಯಿತು.
ಪೆನ್ನು ಎರಡರ ನಡುವಿನ ಗೆರೆಯ ಮೇಲೆ ತುಸು ಹೊತ್ತು ನಿಂತಿತು.
ಆಮೇಲೆ ಚೌಕಗಳನ್ನು ಬಿಟ್ಟು ಕೆಳಗೆ
ಸಹಿ ಹಾಕಿದಳು, ಪೂರ್ತಿ, ಮೂರೂ ಅಕ್ಷರ.
ಮೂರನೆಯದರ ಗೀಟುಗಳ ಕ್ರಮ
ಒಂದು ಗಳಿಗೆ ನೆನಪಾಗಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು.
ಗಾಳಿಗೆ ಬೆನ್ನು ಕೊಟ್ಟು ಕಲ್ಲುಬೆಂಚಿನ ಮೇಲೆ
ಇಬ್ಬರೂ ಪೊಟ್ಟಣ ಒಡೆದರು.
"ಮೆತ್ತಗಾಗಿದೆ," ಅಂದಳು ಲಿಗಾಯಾ.
"ನಲವತ್ತು ಡಿಗ್ರಿ," ಅಂದಳು ಶುಯಿನ್, ಬೆರಳು ನೆಕ್ಕುತ್ತ.