ಮುಂಭಾರ

ಆಟೋ ಕಾಂಪ್ಲೆಕ್ಸಿನ ಮೌನಾಚಾರಿ
ನನ್ನ ಅಂಗೈಯಲ್ಲಿ ಒಂದು ಉಕ್ಕಿನ ಗುಂಡು ಇಟ್ಟ.
ಗಜನಿಂಬೆಯಷ್ಟೇ ಗಾತ್ರ; ಕೈ ಮಾತ್ರ ಕೆಳಗಿಳಿಯಿತು.
"ಐವತ್ತು ಮಿಲಿ, ಸಿಸ್ಟರ್. ಕೊಂಡಿಯ ಜೀವ ಇದೇ."

ಮೂವತ್ತೊಂದು ವರ್ಷ ಹೆರಿಗೆ ವಾರ್ಡು.
ನನಗೂ ಫಿಲೋಮಿನಾಳಿಗೂ ಮಿಲಿ ಅಂದರೆ ಸಿರಿಂಜು.
ಇಬ್ಬರ ಪಿಎಫ್ ಕೂಡಿಸಿ ಕೊಂಡದ್ದು ಈ ಗಾಡಿಮನೆ:
ಎರಡು ಹಾಸಿಗೆ, ಒಂದು ಒಲೆ,
ಸೊಳ್ಳೆಪರದೆಯ ಕಿಟಕಿ.
ಕೊಯಮತ್ತೂರಿಂದ ಲಾರಿಯ ಬೆನ್ನೇರಿ ಬಂತು.
ಚಕ್ರ ಸ್ವಂತದ್ದು, ಓಟ ಸ್ವಂತದ್ದಲ್ಲ.
ಎಳೆಯಲು ನನ್ನ ಹಳೇ ಬೊಲೆರೊ.

ಆಚಾರಿ ಅದರಡಿ ಅಂಗಾತ ಮಲಗಿ
ಬಂಪರಿಗೇ ಕೊಂಡಿ ಬೆಸೆಯುವವರನ್ನೆಲ್ಲ ಬೈದ.
"ಬಂಪರು ಮೂಗುತಿ. ಅದನ್ನ ಹಿಡಿದು ಎಳೀತಾರಾ ಯಾರಾದ್ರೂ?
ಚಾಸಿ ಅಂದ್ರೆ ಬೆನ್ನುಮೂಳೆ. ಬೋಲ್ಟು ಅಲ್ಲಿ ಕೂರಬೇಕು."

ಎದ್ದವನೇ ಕೇಳಿದ, ಸಾಮಾನು ಎಲ್ಲಿಡ್ತೀರಿ?
"ಹಿಂದೆ," ಅಂದಳು ಫಿಲೋಮಿನಾ,
"ನೀರಿನ ಕ್ಯಾನು, ಸಿಲಿಂಡರು, ಅಕ್ಕಿ."
ಆಚಾರಿ ಕೈಯ ಗ್ರೀಸು ಒರೆಸಿಕೊಂಡ.
"ನಮ್ಮಪ್ಪ ಎತ್ತಿನಗಾಡಿ ಮಾಡ್ತಿದ್ದ.
ಹಿಂಭಾರ ಆದ್ರೆ ಮೂಕಿ ಮೇಲೇಳುತ್ತೆ,
ಜತ್ತಿಗೆ ಎತ್ತಿನ ಗಂಟಲು ಹಿಸುಕುತ್ತೆ.
ಮುಂಭಾರ ಅತಿಯಾದ್ರೆ ಎತ್ತು ಮಂಡಿಯೂರುತ್ತೆ.
ಹತ್ತರಲ್ಲಿ ಒಂದು ಪಾಲು ಮೂಗಿನ ಮೇಲಿರಲಿ.
ಇಲ್ಲಾಂದ್ರೆ ಇಳಿಜಾರಲ್ಲಿ ಇದು ಬಾಲ ಆಡಿಸುತ್ತೆ,
ನಾಯಿ ಬಾಲ ಅಲ್ಲ, ಮೊಸಳೆದು."

ತೂಕದ ಯಂತ್ರ ತಂದೆವು,
ವಾರ್ಡಿನಲ್ಲಿ ಬಸುರಿಯರನ್ನು ನಿಲ್ಲಿಸುತ್ತಿದ್ದಂಥದ್ದೇ.
ಗಾಡಿಯ ಮೂಗು ಅದರ ಮೇಲೆ.
ಮುಳ್ಳು ನಡುಗಿ ನಿಂತಿತು: ಮೂವತ್ತೆರಡು.
ರಕ್ತ ಕಡಿಮೆ, ಅಂದೆ ನಾನು.
ಅಕ್ಕಿ ಮುಂದಕ್ಕೆ. ಸಿಲಿಂಡರು ಮುಂದಕ್ಕೆ.
ಅರವತ್ತೊಂದು.
ಫಿಲೋಮಿನಾ ಅಭ್ಯಾಸಬಲದಿಂದ ಚೀಟಿಯಲ್ಲಿ ಬರೆದು
ವೇಳೆ ಹಾಕಿ ಸಹಿ ಮಾಡಿದಳು.

ಬೊಲೆರೊ ಹಿಂದಕ್ಕೆ ಬಿಡುವಾಗ
ಅವಳ ಗಂಟಲಿಗೆ ಹಳೇ ರಾತ್ರಿಪಾಳಿ ಬಂತು.
"ಬಾ, ಇನ್ನೂ ಬಾ, ಉಸಿರು ಹಿಡಿ, ಇನ್ನೊಂದೇ ಸಲ,
ಬಂತು ಬಂತು, ಸಾಕು!"
ಪಕ್ಕದ ಪಂಕ್ಚರ್ ಅಂಗಡಿಯಿಂದ ಜನ ಇಣುಕಿದರು.
ಬಟ್ಟಲು ಗುಂಡನ್ನು ನುಂಗಿತು. ಟಕ್.

ಸರಪಳಿ ಎರಡನ್ನೂ ಅಡ್ಡಡ್ಡ ಹಾಯಿಸಿದ ಆಚಾರಿ.
ನೇರ ಕಟ್ಟಿದರೆ ಆಗದೇ?
"ಮೂಗು ಕೆಳಗೆ ಬಿದ್ರೆ ಹಿಡಿಯೋಕೆ, ಸಿಸ್ಟರ್. ತೊಟ್ಟಿಲು."
ಏಳು ಕಡ್ಡಿಯ ಪ್ಲಗ್ಗು ಚುಚ್ಚಿದೆ.
ಎಡ ಬಂತು. ಬಲ ಬಂತು. ಬ್ರೇಕು... ಹಾಂ, ಬಂತು.
ಆಗಲೇ ಫೋನು. ತಮ್ಮನ ಹೆಂಡತಿ,
ಇಬ್ಬರು ಹೆಂಗಸರೇ ಹೋಗ್ತೀರಾ ಅಂತ.

ಸಾಗರ ರಸ್ತೆ. ಆಯನೂರು ದಾಟಿತು, ಕುಂಸಿ ದಾಟಿತು.
ಆನಂದಪುರದ ಹತ್ತಿರ ಬಣ್ಣ ಮಾಸಿದ ಒಂದು ಹಂಪು.
ಧಡ್. ಆಮೇಲೆ ಕಬ್ಬಿಣ ಕಬ್ಬಿಣವನ್ನು ತಡವಿದ ಸದ್ದು.
ಬ್ರೇಕನ್ನು ಒತ್ತಲಿಲ್ಲ, ಮುಟ್ಟಿದೆ ಅಷ್ಟೇ.
ಇಳಿದು ನೋಡಿದರೆ ಗುಂಡು ಬಯಲಲ್ಲಿ ಹೊಳೆಯುತ್ತಿದೆ,
ಗಾಡಿಯ ಮೂಗು ಸರಪಳಿಯ ಮಡಿಲಲ್ಲಿ,
ಡಾಂಬರಿಗೆ ನಾಲ್ಕು ಬೆರಳು ಮೇಲೆ.

ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದೆ.
ಸಿಕ್ಕಿದ್ದು ಲಿವರಿನ ಪಿನ್ನು.
ಹೊಲಿಗೆಗೆ ಮೊದಲು ಬಟ್ಟೆತುಂಡು ಎಣಿಸಿ ಎಣಿಸಿ
ಸವೆದ ಬೆರಳುಗಳ ನಡುವೆ, ಬೆಚ್ಚಗೆ.

ಫಿಲೋಮಿನಾ ಬೈಯಲಿಲ್ಲ.
ಅದೇ ಚೀಟಿ ತೆಗೆದು, ಅರವತ್ತೊಂದರ ಕೆಳಗೆ ಬರೆದಳು:
'೧೧.೪೦. ಪಿನ್ನು ಹಾಕಿರಲಿಲ್ಲ.'
ಪೆನ್ನು ನನ್ನ ಕಡೆ ಚಾಚಿದಳು.
ಸಹಿ ಮಾಡಿದೆ.

ರಾತ್ರಿ ಶರಾವತಿಯ ಹಿನ್ನೀರು.
ಗಾಲಿಗೆ ಕಲ್ಲು ಕೊಟ್ಟು, ಕೊಂಡಿ ಬಿಚ್ಚಿ,
ಬೊಲೆರೊವನ್ನು ದೂರ ಹಲಸಿನಡಿ ನಿಲ್ಲಿಸಿದ್ದೆವು.
ಗಾಡಿ ಯಾವುದಕ್ಕೂ ಕಟ್ಟಿರಲಿಲ್ಲ.
ಆದರೂ ಎರಡು ಸಲ ಎದ್ದು,
ಟಾರ್ಚು ಹಿಡಿದು ಹೋಗಿ ನೋಡಿ ಬಂದೆ.
ಎರಡನೇ ಸಲ ಕತ್ತಲಲ್ಲಿ ಅವಳ ದನಿ:
"ಇದೆಯಾ?"
"ಇದೆ."